ಓಟಿಪಿ ಹೇಳ್ರಿ ಅಕ್ಕಾರೆ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಜನ ಕೈಬಿಗಿ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಬೇರೇದು ಬಿಡಿ, ಓಟಿಪಿ ಒಂದು ಕೇಳಿ ನೋಡಿ. ನೀವು ಯಾರು, ಯಾವ ಊರವರು ಅಂತ ವಿಚಾರಿಸುವ ಮೊದಲೇ ಆರೂ ಅಂಕಿ ನಿಮ್ಮ ಕೈಯಲ್ಲಿರುತ್ತವೆ. ‘ಬರ್ರಿ, ಚಾ ಕುಡೀರಿ’ ಅನ್ನುವುದು ಅದಾದ ಮೇಲೆ.

ತಪ್ಪು ಜನರದ್ದಲ್ಲ, ರೂಢಿ ಮಾಡಿಸಿದವರದ್ದು. ಸಿಲಿಂಡರ್ ತಂದ ಹುಡುಗ ಗಾಡಿ ಇಳಿಯದೆಯೇ ‘ಓಟಿಪಿ ಹೇಳ್ರಿ ಅಕ್ಕಾರೆ’ ಎಂದು ಕೂಗುತ್ತಾನೆ. 2020ರಿಂದ ಬಂದ ಪದ್ಧತಿ ಇದು. ಗ್ರಾಮ ಒನ್‌ನಲ್ಲಿ ಕೂತವನೂ ಅದನ್ನೇ ಕೇಳುತ್ತಾನೆ, ಸಿಮ್ ಮಾರುವವನೂ ಅದನ್ನೇ ಕೇಳುತ್ತಾನೆ. ಹೀಗೆ ಹಗಲೆಲ್ಲ ಹೇಳಿಸಿ, ಸಂಜೆ ಬ್ಯಾಂಕಿನವರು ‘ಓಟಿಪಿ ಯಾರಿಗೂ ಹೇಳಬೇಡಿ’ ಎಂದು ಮೆಸೇಜು ಬಿಡುತ್ತಾರೆ. ಯಾರ ಮಾತು ಕೇಳಬೇಕು ಹೇಳಿ? ಸಿಲಿಂಡರಿನವನ ಮಾತು ಕೇಳಿದರೆ ಅಡುಗೆಯಾದರೂ ಆಗುತ್ತದೆ.

ನಮ್ಮ ಕಟ್ಟೆಯ ಮೇಲೆ ದಿನಾ ಕೂರುವ ಕಾಕಾ ಒಬ್ಬರಿದ್ದಾರೆ. ಫೇಸ್‌ಬುಕ್ಕಿನಲ್ಲಿ ತೊಗರಿ ರೇಟು, ಭೀಮಾ ನದಿಯ ನೀರು, ಮೊಮ್ಮಕ್ಕಳ ಫೋಟೊ ಎಲ್ಲ ಹಾಕುತ್ತಾರೆ.

‘ಕಾಕಾ, ಪಾಸ್‌ವರ್ಡ್ ಏನಿಟ್ಟೀರಿ?’

‘ಅದು ತಂಗಿ ಮಗಗ ಗೊತ್ತದ.’

‘ಅಂವ ಎಲ್ಲಿ ಅದಾನ?’

‘ಪುಣೆದಾಗ.’

‘ನಿಮಗ ಗೊತ್ತಿಲ್ಲೇನ್ರಿ?’

‘ನನಗ ಯಾಕ ಬೇಕೋ? ಒಮ್ಮಿ ತೆರದಾನ, ಇನ್ನಾ ಮುಚ್ಚಿಲ್ಲ.’

ಗೊತ್ತಿದ್ದವರ ಪಾಸ್‌ವರ್ಡುಗಳಾದರೂ ಏನು ಮಹಾ! ನಮ್ಮ ಸೀಮೆಯವು ಬಹಳ ಭಕ್ತಿಯ ಪಾಸ್‌ವರ್ಡುಗಳು. ಗಾಣಗಾಪುರದ ದತ್ತ, ಕಲಬುರಗಿಯ ಶರಣಬಸವ, ಆಳಂದದ ಲಾಡ್ಲೆ ಮಶಾಕ್, ಯಾರೇ ಇರಲಿ, ಅವರ ಬೆನ್ನಿಗೊಂದು 123. ದೇವರು ಕಾಯುತ್ತಾನೆ, ನಿಜ. ಆದರೆ ಆ ಮನೆದೇವರ ಹೆಸರು ಕಾಕಾನ ಪ್ರೊಫೈಲ್ ಫೋಟೊದಲ್ಲೇ ದೊಡ್ಡಕ್ಷರದಲ್ಲಿದ್ದರೆ ಕಳ್ಳ ಊಹಿಸಬೇಕಾದದ್ದು 123 ಮಾತ್ರ. ಹಾಗಂತ ಓದಿದವರು ಶಾಣ್ಯಾರು ಅಂದುಕೊಳ್ಳಬೇಡಿ. ಅಮೆರಿಕದ ಎಂಐಟಿಯಲ್ಲಿ ಅಲನ್ ಶೆರ್ ಎಂಬ ವಿದ್ಯಾರ್ಥಿ, ಕಂಪ್ಯೂಟರ್ ಬಳಸಲು ವಾರಕ್ಕೆ ಕೊಟ್ಟ ನಾಲ್ಕು ಗಂಟೆ ಸಾಲದೆ, 1962ರಲ್ಲೇ ಎಲ್ಲರ ಪಾಸ್‌ವರ್ಡುಗಳಿದ್ದ ಫೈಲನ್ನು ಪ್ರಿಂಟ್ ಹಾಕಿಸಿಕೊಂಡಿದ್ದ. ಪಾಸ್‌ವರ್ಡ್ ಕಳವಿಗೂ ಪಾಸ್‌ವರ್ಡಿನಷ್ಟೇ ವಯಸ್ಸಾಗಿದೆ.

ಇನ್ನು ನಟ ಉಪೇಂದ್ರ ಅವರ ಮನೆಯ ಕತೆ ನಿಮಗೆ ಗೊತ್ತೇ ಇದೆ. 2025ರ ಸೆಪ್ಟೆಂಬರ್ 15ರಂದು ಪ್ರಿಯಾಂಕಾ ಉಪೇಂದ್ರ ಅವರಿಗೆ ‘ನಿಮ್ಮ ಪಾರ್ಸೆಲ್ ಬಂದಿದೆ, ಈ ನಂಬರ್ ಒತ್ತಿ’ ಎಂದು ಫೋನ್ ಬಂತು. ಒತ್ತಿದರು. ವಾಟ್ಸ್ಯಾಪು ಕೈಬಿಟ್ಟು ಹೋಯಿತು. ಆಮೇಲೆ ಗುರುತಿನವರಿಗೆಲ್ಲ ಅವರ ಹೆಸರಿನಲ್ಲೇ ‘ಅರ್ಜೆಂಟ್ ದುಡ್ಡು ಬೇಕು’ ಅಂತ ಮೆಸೇಜು. ನಕ್ಷತ್ರದ ಚಿಹ್ನೆಯಿಂದ ಶುರುವಾಗುವ ಇಂಥ ನಂಬರಿನಲ್ಲಿ ನಿಮ್ಮ ಕರೆಗಳನ್ನು ಇನ್ನೊಬ್ಬರ ಫೋನಿಗೆ ತಿರುಗಿಸುವ ಆಜ್ಞೆ ಇರಬಹುದು. ವಾಟ್ಸ್ಯಾಪಿನ ಕೋಡು ಕರೆಯ ಮೂಲಕವೂ ಬರುವುದರಿಂದ ಅದು ನೇರ ಕಳ್ಳನ ಕಿವಿಗೇ ಬೀಳುತ್ತದೆ. ನೀವು ಬಾಯಿಬಿಟ್ಟು ಓಟಿಪಿ ಹೇಳುವ ಕಷ್ಟವೂ ಇಲ್ಲ! ಬೆಂಗಳೂರಿನ ಸಿನೆಮಾದವರ ಮನೆಯಲ್ಲೇ ಹೀಗಾದರೆ ನಮ್ಮ ಕಾಕಾ ಯಾವ ಲೆಕ್ಕ?

ಈ ಗದ್ದಲದ ಮೂರನೇ ದಿನಕ್ಕೆ, ಅಂದರೆ ಸೆಪ್ಟೆಂಬರ್ 18ಕ್ಕೆ, ದಿಲ್ಲಿಯ ಟಿವಿಯಲ್ಲೆಲ್ಲ ನಮ್ಮ ಆಳಂದ. ಸಂಗತಿ ಹಳೆಯದು. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ 6,018 ಅರ್ಜಿ ಬಿದ್ದಿದ್ದವು. ಪರಿಶೀಲಿಸಿದರೆ ಸರಿಯಾದವು 24. ಉಳಿದ 5,994 ಬರೀ ಬೊಗಳೆ. ಅರ್ಜಿದಾರರೆಂದು ಯಾರ ಹೆಸರಿತ್ತೋ ಅವರನ್ನು ಹೋಗಿ ಕೇಳಿದರೆ, ‘ನಾವೆಲ್ಲಿ ಹಾಕೀವ್ರಿ?’ ನೆರೆಮನೆಯವರ ಓಟು ತೆಗೆಸಿದ ಅಪವಾದ ಪಾಪ ಜೋಳದ ಹೊಲದಲ್ಲಿದ್ದವರ ತಲೆಗೆ ಬಂದಿತ್ತು. ಒಬ್ಬರ ಹೆಸರಿನಲ್ಲಿ 36 ಸೆಕೆಂಡಿಗೆ ಎರಡು ಅರ್ಜಿ ತುಂಬಲಾಗಿದೆ, ಅದೂ ನಸುಕಿನ ನಾಲ್ಕು ಗಂಟೆಗೆ ಎಂದು ರಾಹುಲ್ ಗಾಂಧಿ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ನಮ್ಮ ತಾಲೂಕಾ ಆಫೀಸಿನಲ್ಲಿ ಒಂದು ಅರ್ಜಿ ತುಂಬಲು ಪೆನ್ನು ಹುಡುಕುವುದಕ್ಕೇ ಅರ್ಧ ತಾಸು ಬೇಕು, ಇಂಥ ಚುರುಕು ನಮ್ಮವರದಲ್ಲ ಅಂತ ಅಲ್ಲೇ ತಿಳಿಯಬೇಕಿತ್ತು. ಚುನಾವಣಾ ಆಯೋಗ, ‘ಹಾಗೆ ಆನ್‌ಲೈನಿನಲ್ಲಿ ಯಾರ ಹೆಸರನ್ನೂ ಯಾರೂ ಅಳಿಸಲಾಗದು, ಪ್ರಯತ್ನ ನಡೆದದ್ದು ನಿಜ, ಫಲಿಸಲಿಲ್ಲ, ದೂರು ಕೊಟ್ಟವರೇ ನಾವು’ ಎಂದಿತು. ರಾಜ್ಯ ಸರ್ಕಾರ ಎಸ್‌ಐಟಿ ಮಾಡಿತು. ರಾಜಕೀಯ ಅವರವರಿಗಿರಲಿ. ನನ್ನ ತಲೆಯಲ್ಲಿ ಉಳಿದದ್ದು ಇಷ್ಟು: ಲಾಗಿನ್ ಆದವನು ಯಾರೋ, ಹೆಸರು ಇನ್ಯಾರದೋ. ಆಯೋಗವೂ ಅದೇ ತಿಂಗಳು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬಂದ ಮೇಲೇ ಅರ್ಜಿ ಮುಂದೆ ಹೋಗುವ ಇ-ಸಹಿ ತಂದಿತು. ಅಂದರೆ ತಿರುಗಿ ಎಲ್ಲವೂ ಬಂದು ನಿಂತದ್ದು ಅಕ್ಕಾರ ಓಟಿಪಿಯ ಮೇಲೆಯೇ!

ಇಷ್ಟೆಲ್ಲ ಕೇಳಿದ ಮೇಲೆ ಕಾಕಾನಿಗೂ ದಿಗಿಲಾಗಿ ಫೋನು ನನ್ನ ಕೈಗೆ ಕೊಟ್ಟರು. ಕೊಡಬಾರದು ಅಂತ ಅದುವರೆಗೆ ಹೇಳಿದ್ದು ಗಾಳಿಗೆ ಹೋಯಿತು. ವಾಟ್ಸ್ಯಾಪಿನ ಸೆಟ್ಟಿಂಗ್ಸಿನಲ್ಲಿ ಎರಡು ಹಂತದ ಪರಿಶೀಲನೆ ಅಂತ ಇದೆ. ಅಲ್ಲೊಂದು ಆರಂಕಿಯ ಪಿನ್ ಇಟ್ಟುಬಿಟ್ಟರೆ ಓಟಿಪಿ ಕದ್ದವನು ಆ ಪಿನ್ ಕೇಳಿದಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲಬೇಕು. ಇಡಿಸಿದೆ. ಹುಟ್ಟಿದ ದಿನ ಬೇಡ ಅಂದೆ. ‘ನನಗ ಅದು ಗೊತ್ತಿದ್ರ ಅಲ್ಲೇನು?’ ಅಂದರು. ಫೇಸ್‌ಬುಕ್ಕಿಗೆ ಅಥೆಂಟಿಕೇಟರ್ ಆ್ಯಪ್ ಹಾಕಿದೆ. ಅದರ ಕೋಡು 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಕಾಕಾ ಕನ್ನಡಕ ಏರಿಸಿ, ಓದಿ, ಇನ್ನೊಬ್ಬರಿಗೆ ಒದರಿ ಹೇಳುವಷ್ಟರಲ್ಲಿ ಹಳಸಿರುತ್ತದೆ. ಇವರಂಥವರಿಗಾಗಿಯೇ ಯಾರೋ ಪುಣ್ಯಾತ್ಮರು ಮಾಡಿದಂತಿದೆ. ದುಡ್ಡೇ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು ಅಂತ ಗೋಡೆಯ ಮೇಲೆ ಬರೆಸಿದೆ. ಗೋಡೆಯ ಮೇಲೆ ಬರೆಯಬಹುದಾದ ನಂಬರು ಅದೊಂದೇ.

ಕೊನೆಗೆ ಲಿಂಕ್ಡ್ ಡಿವೈಸಸ್ ತೆರೆದೆ. ಈ ವಾಟ್ಸ್ಯಾಪು ಬೇರೆ ಎಲ್ಲೆಲ್ಲಿ ತೆರೆದಿದೆ ಅಂತ ತೋರಿಸುವ ಜಾಗ ಅದು. ಯಾವುದೋ ಕಂಪ್ಯೂಟರು ಕಂಡಿತು. ವಿಚಾರಿಸಿದರೆ ತಹಶೀಲ್ದಾರ್ ಕಚೇರಿ ಎದುರಿನ ಜೆರಾಕ್ಸ್ ಅಂಗಡಿ! ಪಹಣಿ ಪ್ರಿಂಟ್ ತೆಗೆಸಲು ಹೋದಾಗ ಆ ಹುಡುಗ ಫೋನು ತೋರಿಸಿ ಸ್ಕ್ಯಾನ್ ಮಾಡಿಸಿಕೊಂಡಿದ್ದಾನೆ, ಇವರು ಪಹಣಿ ಮಡಚಿಕೊಂಡು ಬಂದಿದ್ದಾರೆ. ಫೋನು 14 ದಿನ ಮುಟ್ಟದೆ ಇಟ್ಟರೆ ಅದು ತಾನಾಗಿ ಮುಚ್ಚುತ್ತಿತ್ತು. ಆದರೆ ಕಾಕಾ 14 ನಿಮಿಷವೂ ಬಿಟ್ಟವರಲ್ಲ. ಅಂದಿನಿಂದ ಇವರ ಮನೆಯ ಕನ್ಯಾ ನೋಡುವ ಮಾತು, ಅಣ್ಣ-ತಮ್ಮಂದಿರ ಪಾಲಿನ ತಕರಾರು, ಅಡತಿ ಅಂಗಡಿಯ ಬಾಕಿ ಎಲ್ಲ ಆ ಪರದೆಯ ಮೇಲೆ ಇಳಿಯುತ್ತಾ ಬಂದಿವೆ.

‘ಕಾಕಾ, ಇದನ್ನ ಲಾಗೌಟ್ ಮಾಡ್ತೀನ್ರಿ.’

‘ಏ, ಇರ್ಲಿ ಬಿಡೋ. ಸೋಮವಾರ ಮತ್ತ ಪ್ರಿಂಟ್ ತಗಸೋದದ.’