ನಿಮ್ಮ ಅಂಗಡಿ ಎಲ್ಲಿ?

ಆರೋಗ್ಯ ಸ್ವಯಂಸೇವಕಿಯಾಗಿ ಮಲಾವಿಗೆ ಹೋಗುತ್ತೇನೆ ಎಂದಾಗ ಕಾರ್ಕಳದ ನಮ್ಮ ನೆಂಟರಲ್ಲಿ ಅರ್ಧ ಜನರ ಕಿವಿಗೆ ಅದು ಮಲೇಷ್ಯಾ ಎಂದು ಬಿತ್ತು, ಉಳಿದರ್ಧಕ್ಕೆ ಮಾಲ್ಡೀವ್ಸ್ ಎಂದು. ಎರಡೂ ಪಕ್ಷಕ್ಕೆ ಸಂತೋಷವಾಯಿತು. ಆಫ್ರಿಕಾ ಎಂದು ತಿದ್ದಿದಾಗ ಆ ಸಂತೋಷ ಸ್ವಲ್ಪ ಇಳಿಯಿತು. ಸಂಬಳವಿಲ್ಲ, ಖರ್ಚಿಗೆ ಭತ್ಯೆ ಮಾತ್ರ ಎಂದಾಗ ಪೂರ್ತಿ ಇಳಿಯಿತು. "ಸಂಬಳ ಇಲ್ಲದ ಕೆಲಸ ಊರಲ್ಲೇ ಬೇಕಾದಷ್ಟಿತ್ತಲ್ಲ ಮಾರಾಯ್ತಿ" ಎಂದರು ದೊಡ್ಡಮ್ಮ. ಅವರಿಗೆ ಕೊಡಬೇಕಾದ ಉತ್ತರವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ನನಗೆ ಸಿಕ್ಕಿದ್ದು ಸಲೀಮಾ ಜಿಲ್ಲೆಯ ಒಂದು ಹಳ್ಳಿ, ಮಲಾವಿ ಸರೋವರದ ದಡದಲ್ಲಿ. ಆ ದೇಶದ ಐದನೇ ಒಂದು ಪಾಲು ಈ ಸರೋವರವೇ. ದಡದಲ್ಲಿ ನಿಂತರೆ ಮಲ್ಪೆಯ ಹಾಗೆಯೇ ಅಲೆ, ದೋಣಿ, ಒಣಹಾಕಿದ ಸಣ್ಣ ಮೀನಿನ ವಾಸನೆ. ನೀರು ಮಾತ್ರ ಸಿಹಿ. ಕರಾವಳಿಯವಳಾದ ನನ್ನ ನಾಲಗೆ ಅದನ್ನು ಕೊನೆಯವರೆಗೂ ನಂಬಲಿಲ್ಲ.

ಹೋದ ಹೊಸತರಲ್ಲಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ನಿಮ್ಮ ಅಂಗಡಿ ಎಲ್ಲಿ?" ಭಾರತೀಯರಿಗೆ ಅಲ್ಲಿ ಅಮ್ವೇನ್ಯೆ ಎನ್ನುತ್ತಾರೆ. ಅಮ್ವೇನ್ಯೆ ಎಂದರೆ ಬಟ್ಟೆ, ಸಕ್ಕರೆ, ಸೈಕಲ್ ಟಯರು ಮಾರುವವರು. ಹೆಚ್ಚಿನವರು ಗುಜರಾತಿ ಮೂಲದವರು. ಹಿಂದೆ ಹಳ್ಳಿಹಳ್ಳಿಯಲ್ಲೂ ಅವರ ಅಂಗಡಿಗಳಿದ್ದವು. ಎಪ್ಪತ್ತರ ದಶಕದಲ್ಲಿ ಅಧ್ಯಕ್ಷ ಬಾಂಡಾ ಅವರ ಸರ್ಕಾರ ಅವರನ್ನು ಹಳ್ಳಿಗಳಿಂದ ಎಬ್ಬಿಸಿ ಕೆಲವೇ ಪಟ್ಟಣಗಳಿಗೆ ಸರಿಸಿತು. ನಮ್ಮ ಹಳ್ಳಿಯ ಹಿರಿಯರೊಬ್ಬರು ನನ್ನನ್ನು ಕರೆದೊಯ್ದು ಮಾಡು ಬಿದ್ದ ಒಂದು ಜಗಲಿ ತೋರಿಸಿ, "ಬೀಗದ ಕೈ ನಿಮ್ಮ ಹತ್ತಿರವೇ ಇರಬೇಕು, ಯಾವಾಗ ತೆರೆಯುತ್ತೀರಿ?" ಎಂದು ಕೇಳಿದರು. ನಾನು ಆರೋಗ್ಯದ ಕೆಲಸಕ್ಕೆ ಬಂದವಳು ಎಂದೆ. ಅವರು ಮರ್ಯಾದೆಯಿಂದ ತಲೆಯಾಡಿಸಿ, ಸಕ್ಕರೆ ಯಾವ ದಿನ ಬರುತ್ತದೆ ಎಂದು ವಿಚಾರಿಸಿದರು.

ಕೆಲಸವೆಂದರೆ ಮನೆಮನೆ ತಿರುಗುವುದು. ಜೊತೆಗೆ ಸೈಕಲ್ ಹಿಡಿದ ಎಚ್‌ಎಸ್‌ಎ, ಅಂದರೆ ಸರ್ಕಾರದ ಆರೋಗ್ಯ ಸಹಾಯಕ. ಸಿಡುಬಿನ ಲಸಿಕೆ ಹಾಕುವವರು, ಕಾಲರಾ ನೋಡಿಕೊಳ್ಳುವವರು ಎಂದು ಅರವತ್ತು-ಎಪ್ಪತ್ತರ ದಶಕಗಳಲ್ಲಿ ಹುಟ್ಟಿದ ಹುದ್ದೆ ಅದು. ಈಗ ಹಳ್ಳಿಯ ಲಸಿಕೆ, ಮಲೇರಿಯಾ, ಕಕ್ಕಸು, ಬಾವಿ ಎಲ್ಲವೂ ಅವರ ತಲೆಗೇ. ಬೆಳಿಗ್ಗೆ ಹತ್ತು ಮನೆ ಮುಗಿಸಬೇಕೆಂದು ಕಚೇರಿಯ ಹಾಳೆಯಲ್ಲಿ ಬರೆದಿತ್ತು. ಆ ಹಾಳೆ ಬರೆದವರು ಯಾರ ಮನೆಗೂ ಹೋದವರಲ್ಲ. ಅಂಗಳದ ಹೊರಗೇ ನಿಂತು "ಓಡಿ" ಎಂದು ಕೂಗಬೇಕು. ಒಳಗಿನಿಂದ "ಓಡಿನಿ" ಎಂದು ಬಂದ ಮೇಲೆಯೇ ಹೆಜ್ಜೆ ಇಡುವುದು. ಚಾಪೆ ಹಾಸುತ್ತಾರೆ, ಕುಳಿತುಕೊಳ್ಳಬೇಕು. ಬಳಿಕ ಹೇಗೆ ಎದ್ದಿರಿ, ಮನೆಯವರು ಹೇಗಿದ್ದಾರೆ, ಅಮ್ಮ ಹೇಗಿದ್ದಾರೆ. ನಮ್ಮಮ್ಮ ಕಾರ್ಕಳದಲ್ಲಿದ್ದಾರೆ, ಮಂಡಿನೋವು ಎಂದರೆ ಯಾವ ಮಂಡಿ, ಎಡವೋ ಬಲವೋ. ಇಷ್ಟಾಗದೆ "ನಿಮ್ಮ ಕಕ್ಕಸಿಗೆ ಮುಚ್ಚಳ ಇದೆಯೇ?" ಎಂದು ಕೇಳಲು ಯಾವ ಮುಖ ಇಟ್ಟುಕೊಂಡು ಹೋಗುವುದು? ಬೆಳಿಗ್ಗೆಗೆ ಮೂರು ಮನೆ ಆದರೆ ಅದು ಒಳ್ಳೆಯ ದಿನ.

ಊಟದ ವಿಷಯವನ್ನು ಬೇಗ ಮುಗಿಸುತ್ತೇನೆ. ಮೆಕ್ಕೆಜೋಳದ ಬಿಳಿ ಹಿಟ್ಟನ್ನು ಕಾಯಿಸಿ ತಿರುವಿ ಮಾಡುವ ನ್ಸೀಮಾ, ಬದಿಗೆ ಸೊಪ್ಪು ಅಥವಾ ಉಸಿಪಾ ಮೀನು. ಮುದ್ದೆಯ ಬಿಳಿ ತಮ್ಮ ಎನ್ನಬಹುದು. ಘಟ್ಟದ ಮೇಲಿನವಳಾಗಿದ್ದರೆ ಒಂದೇ ದಿನದಲ್ಲಿ ಪಾಸಾಗುತ್ತಿದ್ದೆ; ಕುಚ್ಚಲಕ್ಕಿ ಗಂಜಿಯವಳಿಗೆ ಕೆಲವು ವಾರ ಹಿಡಿಯಿತು.

ಒಂದು ವಿಷಯದಲ್ಲಿ ಮಾತ್ರ ನಾನು ಎಲ್ಲ ತರಬೇತಿಗಳಿಗಿಂತ ಮುಂದಿದ್ದೆ. ಚೇವಾ ಜನರಲ್ಲಿ ವಂಶ ತಾಯಿಯ ಕಡೆಯಿಂದ. ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಹೋಗುತ್ತಾನೆ, ಅಂದರೆ ಊರಿಗೆ ಊರೇ ಮನೆಅಳಿಯಂದಿರು. ಮಕ್ಕಳ ವಿಷಯದಲ್ಲಿ ಮಾತು ನಡೆಯುವುದು ತಾಯಿಯ ಅಣ್ಣನದು, ಮಲುಮೆಯದು. ತರಬೇತಿಯ ಪುಸ್ತಕದಲ್ಲಿ "ತಂದೆಯ ಮನವೊಲಿಸಿ" ಎಂದಿತ್ತು. ಅಳಿಯಸಂತಾನದ ಮನೆಯಲ್ಲಿ ಹುಟ್ಟಿ, ಯಜಮಾನ ಮಾವನ ಕೆಮ್ಮು ಕೇಳಿದರೆ ಸಾಕು ಅಪ್ಪನೂ ಎದ್ದು ನಿಲ್ಲುವುದನ್ನು ಕಂಡವಳಿಗೆ ಆ ಪುಸ್ತಕ ಬೇಕಿರಲಿಲ್ಲ.

ಒಂದು ಮಳೆಗಾಲದ ಮಧ್ಯಾಹ್ನ ಸುಡುವ ಮೈಯ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ತಾಯಿ ಬಂದಳು. ಎಚ್‌ಎಸ್‌ಎ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪಟ್ಟಿಯ ಮೇಲೆ ಬಿಟ್ಟರು. ಹದಿನೈದು ನಿಮಿಷಕ್ಕೆ ಎರಡು ಗೆರೆ: ಮಲೇರಿಯಾ. ಮಗು ಕುಡಿದದ್ದನ್ನೆಲ್ಲ ಕಾರುತ್ತಿತ್ತು, ಮಾತ್ರೆ ನಿಲ್ಲುವಂತಿರಲಿಲ್ಲ, ಆಸ್ಪತ್ರೆಗೇ ಹೋಗಬೇಕು. ಅಪ್ಪ ಪಕ್ಕದಲ್ಲೇ ಇದ್ದ, ಆಕಾಶ ನೋಡುತ್ತಿದ್ದ. ನಾನು ಹುಡುಗನೊಬ್ಬನನ್ನು ದೋಣಿಗಳ ಕಡೆ ಓಡಿಸಿದೆ. ಮಲುಮೆ ಬಂದರು, ಚಾಪೆಯ ಮೇಲೆ ಕುಳಿತರು, ನಾನು ಹೇಗೆ ಎದ್ದೆ ಎಂದು ಕೇಳಿದರು. ನಮ್ಮಮ್ಮನ ಮಂಡಿಯವರೆಗೂ ಬಂದರು. ನನ್ನ ಎದೆ ಹೊಡೆದುಕೊಳ್ಳುತ್ತಿದ್ದರೂ ಒಂದೊಂದಕ್ಕೂ ಉತ್ತರ ಕೊಟ್ಟೆ. ಕೊನೆಗೆ ಅವರು ಎದ್ದು, ಕಬಾಜಾದವನನ್ನು, ಅಂದರೆ ಬಾಡಿಗೆ ಸೈಕಲಿನವನನ್ನು, ಕೆಳಗಿಳಿಸಿ, ತಾಯಿ-ಮಗುವನ್ನು ಹಿಂದೆ ಕೂರಿಸಿಕೊಂಡು ತಾವೇ ತುಳಿದುಕೊಂಡು ಹೋದರು. ಮಗು ಉಳಿಯಿತು. ಕಬಾಜಾದವನು ತನ್ನ ಬಾಡಿಗೆಗಾಗಿ ಒಂದು ವಾರ ನನ್ನ ಬೆನ್ನು ಹತ್ತಿದ.

ಸೊಳ್ಳೆಪರದೆಯ ಕತೆ ಬೇರೆ. ಸರ್ಕಾರ ಪುಕ್ಕಟೆ ಕೊಡುತ್ತದೆ, ನಾವು ಕಟ್ಟಿದ್ದಾರೋ ಎಂದು ನೋಡಬೇಕು. ಒಂದು ಮನೆಯಲ್ಲಿ ಹಾಸಿಗೆಯ ಮೇಲೆ ಪರದೆ ಭರ್ಜರಿಯಾಗಿ ತೂಗುತ್ತಿತ್ತು, ಪೊಟ್ಟಣದ ಮಡಿಕೆಯ ಗೆರೆಗಳು ಇನ್ನೂ ಚೌಕಚೌಕವಾಗಿ ಎದ್ದು ಕಾಣುತ್ತಿದ್ದವು. ನಾವು ಬರುವ ಸುದ್ದಿ ಬೆಳಿಗ್ಗೆಯೇ ತಲುಪಿತ್ತು. ಹಳೆಯ ಪರದೆ ಹಿತ್ತಲಿನಲ್ಲಿ ಒಣಗುತ್ತಿತ್ತು, ಉಸಿಪಾದ ವಾಸನೆಯೊಂದಿಗೆ. ದೂರದಲ್ಲಿ ಕುಳಿತು ವರದಿ ಬರೆಯುವವರಿಗೆ ಪರದೆಯಲ್ಲಿ ಮೀನು ಹಿಡಿಯುವುದು ಅಜ್ಞಾನ. ಮೆಕ್ಕೆಜೋಳದ ಕಣಜ ಬರಿದಾಗುವ ಜನವರಿ-ಫೆಬ್ರವರಿಯಲ್ಲಿ ಆ ದಡದಲ್ಲಿ ನಿಂತವರು ಯಾರೂ ಹಾಗೆ ಬರೆಯಲಾರರು.

ಮಕ್ಕಳ ತೂಕದ ದಿನವೇ ಊರಿಗೆ ಹಬ್ಬ. ಮಾವಿನ ಕೊಂಬೆಗೆ ಸ್ಪ್ರಿಂಗ್ ತಕ್ಕಡಿ, ಅದರ ಕೊಕ್ಕೆಗೆ ಚಡ್ಡಿಯಂಥ ಚೀಲ; ಒಂದೊಂದು ಮಗುವನ್ನೂ ಅದರಲ್ಲಿ ಇಳಿಬಿಟ್ಟರೆ ಮುಳ್ಳು ನಿಲ್ಲುವುದಿಲ್ಲ, ಅಳುವೂ ನಿಲ್ಲುವುದಿಲ್ಲ. ತಾಯಂದಿರ ಕೈಯಲ್ಲಿ ಹೆಲ್ತ್ ಪಾಸ್‌ಪೋರ್ಟ್. ಚುಚ್ಚುಮದ್ದು, ತೂಕ, ಜ್ವರ ಎಲ್ಲವೂ ದಾಖಲಾಗುವ ಈ ಪುಟ್ಟ ಪುಸ್ತಕವನ್ನು ಆಸ್ಪತ್ರೆ ಇಟ್ಟುಕೊಳ್ಳುವುದಿಲ್ಲ, ರೋಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡುತ್ತಾರೆ. ನಮ್ಮಲ್ಲಿ ಎಕ್ಸ್‌ರೇಯನ್ನು ಕಪಾಟಿನ ಮೇಲೆ ಎಸೆಯುವವರು ಇದನ್ನು ನೋಡಬೇಕು. ತೂಕಕ್ಕೆ ಮೊದಲು ಹಾಡು: ಕೈ ತೊಳೆಯಿರಿ, ಎದೆಹಾಲು ಕೊಡಿ ಎಂದು ಹೆಂಗಸರೇ ಕಟ್ಟಿ, ಚಪ್ಪಾಳೆ ತಟ್ಟಿ ಕುಣಿಯುವುದು. ನನ್ನ ಹೆಸರನ್ನೂ ಒಂದು ಸಾಲಿನಲ್ಲಿ ಸೇರಿಸಿದರು. ಕೇಳಿದವರೆಲ್ಲ ನಕ್ಕರು, ಅರ್ಥ ಹೇಳಿ ಎಂದರೆ ಎಚ್‌ಎಸ್‌ಎ ತಕ್ಕಡಿ ಸರಿಮಾಡತೊಡಗಿದರು.

ಆ ಹಾಡು ಕಟ್ಟಿದವರು ಕೇರ್ ಗ್ರೂಪಿನ ಹೆಂಗಸರು. 1995ರಲ್ಲಿ ಪಕ್ಕದ ಮೊಜಾಂಬಿಕ್‌ನಲ್ಲಿ ಶುರುವಾದ ಪದ್ಧತಿ ಇದು: ಹತ್ತು ಹದಿನೈದು ತಾಯಂದಿರ ಗುಂಪು ಸೇರಿ ಕಲಿಯುವುದು, ಆಮೇಲೆ ಒಬ್ಬೊಬ್ಬರೂ ನೆರೆಯ ಹತ್ತು-ಹದಿನೈದು ಮನೆಗಳಿಗೆ ಹೋಗಿ ಹೇಳುವುದು. ನಮ್ಮ ಹಳ್ಳಿಯಲ್ಲಿ ಇವರಿಗೆ ಏನೂ ಸಿಗುತ್ತಿರಲಿಲ್ಲ. ನನಗೆ ಭತ್ಯೆ, ಹಂಚಿನ ಮನೆ, ಮಲೇರಿಯಾ ತಡೆಯುವ ಮಾತ್ರೆ, ವಿಮಾನದ ಟಿಕೆಟ್ಟು, ಊರಿಗೆ ಬಂದಾಗ ರೋಟರಿ ಕ್ಲಬ್ಬಿನಲ್ಲಿ ಶಾಲು. ಅವರು ಹೊಲದಿಂದ ಬಂದು, ನೀರು ಹೊತ್ತು, ನ್ಸೀಮಾ ತಿರುವಿ, ಸಂಜೆ ಬೆಳಕಿರುವಾಗಲೇ ಪಕ್ಕದ ಮನೆಗೆ ಹೋಗಿ "ಓಡಿ" ಎನ್ನುವವರು. ಸ್ವಯಂಸೇವೆಗೆ ಶಾಲು ಹೊದಿಸುವುದೇ ಆದರೆ ಅವರಿಗೆ ಹೊದಿಸಬೇಕಿತ್ತು. ನಾನು ಹೊದ್ದುಕೊಂಡು ಬಂದೆ, ಒಳ್ಳೆಯ ಶಾಲು, ಚಳಿಗಾಲಕ್ಕೆ ಆಗುತ್ತದೆ.

ದೊಡ್ಡಮ್ಮ ಹೇಳಿದ ಊರಿನ ಕೆಲಸ ಮಾಡುವವರು ನಮ್ಮಲ್ಲಿಯೂ ಇದ್ದಾರೆ. 2005ರಲ್ಲಿ ಆಶಾ ಯೋಜನೆ ಬಂದಾಗಿನಿಂದ ಸರ್ಕಾರದ ಕಡತದಲ್ಲಿ ಅವರೂ ಸ್ವಯಂಸೇವಕಿಯರೇ, ಕೈಗೆ ಸಿಗುವುದು ಗೌರವಧನ. ಗುಲಾಬಿ ಸೀರೆಯ ಆಕೆ ನಿಮ್ಮ ಗೇಟಿನ ಹೊರಗೆ ರಿಜಿಸ್ಟರ್ ಹಿಡಿದು ನಿಂತರೆ "ಯಾರೂ ಇಲ್ಲ" ಎಂದು ಒಳಗಿನಿಂದಲೇ ಕೂಗಬೇಡಿ. ಕುರ್ಚಿ ಹಾಕಿ, ಒಂದು ಲೋಟ ನೀರು ಕೊಡಿ, ಮನೆಯಲ್ಲಿ ಎಷ್ಟು ಮಂದಿ, ಯಾರಿಗೆ ಜ್ವರ ಎಂದು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಿ. ಅವರ ತಾಯಿಯ ಮಂಡಿನೋವು ಹೇಗಿದೆ ಎಂದು ವಿಚಾರಿಸಿದರೆ ಇನ್ನೂ ಒಳ್ಳೆಯದು.