ಮೋಲ್ಡಿನಿಂದ ಇಳಿದ ಮಳೆ

ದೇವನಹಳ್ಳಿಯವರಾದ ನಮಗೆ ನೆತ್ತಿಯ ಮೇಲಿನ ಸದ್ದು ಹೊಸದೇನಲ್ಲ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಹೊತ್ತುಗೊತ್ತಿಲ್ಲದೆ ಎಡಗಿವಿಯಿಂದ ಬಲಗಿವಿಗೆ ವಿಮಾನ ಹಾಯುತ್ತಿದೆ. ಡಾಲ್ಬಿಯವರು ಅಟ್ಮಾಸ್ ಎಂದು ಹೆಸರಿಟ್ಟು ಇಂಥದೇ ಸದ್ದನ್ನು ಚಿತ್ರಮಂದಿರಕ್ಕೆ ತಂದದ್ದು 2012ರಲ್ಲಿ, ಮನೆಗೆ ತಂದದ್ದು 2014ರಲ್ಲಿ. ಪುಕ್ಕಟೆ ಸಿಗುತ್ತಿದ್ದದ್ದನ್ನು ದುಡ್ಡು ಕೊಟ್ಟು ಕೇಳಬೇಕೆಂಬ ಚಪಲ ನನಗೆ ಹತ್ತಿದ್ದು ಮೊನ್ನೆ ಯುಗಾದಿಗೆ.

ಹೆಂಡತಿಯ ತವರು ದೊಡ್ಡಬಳ್ಳಾಪುರ. "ನಮ್ಮಪ್ಪನ ಮನೇಲಿ ಎಂಟು ಪವರ್‌ಲೂಮು. ನಾಲ್ಕೂ ಕಡೆಯಿಂದ ಲಟಪಟ ಕೇಳಿ ಕೇಳಿ ಸಾಕಾಗಿ ನಿಮ್ಮನೆಗೆ ಬಂದ್ರೆ, ಈಗ ಮೇಲಿಂದಾನೂ ಬೇಕಾ?" ಎಂದಳು.

ಸೂರಿಗೆ ಸದ್ದನ್ನು ಎಸೆದು ಕೆಳಕ್ಕೆ ಪುಟಿಸುವ ಸ್ಪೀಕರುಗಳೂ ಇವೆ. ಆದರೆ ಸೂರು ನುಣ್ಣಗೆ, ಸಮತಟ್ಟಾಗಿರಬೇಕು. ನಮ್ಮ ಸೂರಿನ ನಡುವೆ, ಫ್ಯಾನಿನ ಸುತ್ತ, ಮೇಸ್ತ್ರಿ ಪ್ರೀತಿಯಿಂದ ಅರಳಿಸಿದ ಸಿಮೆಂಟಿನ ಕಮಲವಿದೆ. ಹಾಗಾಗಿ ಮೋಲ್ಡಿಗೇ ಸ್ಪೀಕರು ಕಟ್ಟುವುದೆಂದಾಯಿತು.

ಟೇಪು ಹಿಡಿದು ಅಳೆದೆ. ಸೂರು 10 ಅಡಿ, ಸೋಫಾದಲ್ಲಿ ಕೂತಾಗ ಕಿವಿ ಮೂರೂವರೆ ಅಡಿ. ಉಳಿದದ್ದು ಆರೂವರೆ. 45 ಡಿಗ್ರಿ ಕೋನಕ್ಕೆ ಅಷ್ಟೇ ಅಡಿ ಮುಂದೆ ಒಂದು ಜೋಡಿ, ಅಷ್ಟೇ ಹಿಂದೆ ಇನ್ನೊಂದು. ಹಿಂದಿನ ಜೋಡಿ ಗೋಡೆ ದಾಟಿ ದೇವರ ಕೋಣೆಯೊಳಗೆ ಬಿತ್ತು! ಗಣಪತಿಯ ನೆತ್ತಿಯ ಮೇಲೆ ಹೆಲಿಕಾಪ್ಟರು ಹಾರಿಸುವ ಧೈರ್ಯ ನನಗಿಲ್ಲ. ಒಂದೇ ಜೋಡಿ ಸಾಕೆಂದೆ. "ಎರಡೇ ಆದ್ರೆ ಅಷ್ಟು ಮುಂದೆ ಬೇಡ ಸಾರ್, ತಲೆ ಮೇಲಿಂದ ಒಂಚೂರು ಮುಂದಕ್ಕಿರ್ಲಿ" ಎಂದ ಡ್ರಿಲ್ಲಿನ ಹುಡುಗ. "ಮೋಲ್ಡಿಗೆ ತೂತು ಹೊಡೆದ್ರೆ ಮಳೆ ಸೋರುತ್ತೆ ಕಣ್ರೀ" ಎಂಬ ಹೆಂಡತಿಯ ಎಚ್ಚರಿಕೆ ಡ್ರಿಲ್ಲಿನ ಗದ್ದಲದಲ್ಲಿ ಮುಳುಗಿತು.

ಭಾನುವಾರ ಮಧ್ಯಾಹ್ನ ಮಳೆಯಿರುವ ಸಿನಿಮಾ ಹುಡುಕಿ ಹಾಕಿದೆ. ಮೊದಲ ಹನಿಗೇ ಹೆಂಡತಿ "ಅಯ್ಯೋ ಸಂಡಿಗೆ!" ಎಂದು ತಾರಸಿಗೆ ಓಡಿದಳು. ಸುಡುಬಿಸಿಲಲ್ಲಿ ಬರಿಗಾಲು ಕುಣಿಸುತ್ತಾ ಮೊರ ಹೊತ್ತು ಇಳಿದವಳು ನನ್ನನ್ನು ನೋಡಿದ ನೋಟಕ್ಕೆ ಕೋನದ ಲೆಕ್ಕವಿಲ್ಲ. ನನಗೋ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ?

ಮುಂದಿನ ಭಾನುವಾರವೂ ತಾರಸಿಯಲ್ಲಿ ಸಂಡಿಗೆ, ಕೆಳಗೆ ಸಿನಿಮಾ. ತಲೆಯ ಮೇಲೆ ಟಪಟಪ ಶುರುವಾಯಿತು. ಅವಳು ಈ ಸಲ ಕದಲಲಿಲ್ಲ. "ಕೇಳು, ಒಂದೊಂದು ಹನೀನೂ ಬಿಡಿಬಿಡಿಯಾಗಿ!" ಎಂದು ನಾನೇ ಬೀಗಿದೆ. ಪರದೆಯ ಮೇಲೆ ನಾಯಕ ಮರಳುಗಾಡಿನಲ್ಲಿ ನೀರು ನೀರು ಎಂದು ಒದ್ದಾಡುತ್ತಿದ್ದಾನೆಂಬುದು ನನಗೆ ಹೊಳೆಯುವಷ್ಟರಲ್ಲಿ ಸಂಡಿಗೆ ಮತ್ತೆ ಹಿಟ್ಟಾಗಿತ್ತು.