ಮೂವತ್ತೊಂದನೆಯ ಗುಂಡಿ

ನಮ್ಮ ಬೀದಿಯಲ್ಲಿ ಬಿಳಿ-ಕಪ್ಪು ಮನೆಗಳಿರುವ, ಕರೆಂಟಿಗೆ ಸಿಕ್ಕಿಸಿ ನುಡಿಸುವ ಯಾವ ವಾದ್ಯಕ್ಕಾದರೂ ಒಂದೇ ಹೆಸರು: ಕ್ಯಾಸಿಯೋ. ಯಮಹಾ ಆದರೂ ಕ್ಯಾಸಿಯೋ, ರೋಲ್ಯಾಂಡ್ ಆದರೂ ಕ್ಯಾಸಿಯೋ. ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ. ಮೂವತ್ತು ವರ್ಷ ತಿದ್ದಿ ತಿದ್ದಿ ಸಾಕಾಗಿ ಈಗ ನಾನೇ "ಹೂಂ, ಕ್ಯಾಸಿಯೋ ನುಡಿಸ್ತೀನಿ" ಎಂದು ಒಪ್ಪಿಕೊಂಡುಬಿಡುತ್ತೇನೆ. ಹಾಗಾಗಿ ಮೊನ್ನೆ ಎದುರುಮನೆಯವರು ಗೇಟಿಗೆ ಒರಗಿಕೊಂಡು, "ಎರಡೆರಡು ಕ್ಯಾಸಿಯೋ ಯಾಕೆ ಸಾರ್? ಹಳೇದು ಕೊಟ್ಬಿಡಿ, ನಮ್ಮ ತಂಗಿ ಮಗ ಕಲೀತಾನೆ" ಎಂದಾಗ ನನಗೆ ಮುನಿಸು ಬಂದದ್ದು ಹೆಸರಿಗಲ್ಲ, 'ಹಳೇದು' ಎಂದ ಆ ಸಲೀಸಿಗೆ.

ಹಳೆಯದು ಎಂದರೆ ಯಮಹಾ ಡಿಎಕ್ಸ್ 7. ಅದು ಲೋಕಕ್ಕೆ ಬಂದದ್ದು 1983ರಲ್ಲಿ, ನನ್ನ ಮನೆಗೆ ಬಂದದ್ದು 1991ರಲ್ಲಿ, ಮದರಾಸಿನ ಮೇಲೆ ಹಾದು, ಸೆಕೆಂಡ್ ಹ್ಯಾಂಡಾಗಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ಹಬ್ಬದ ಮುಂಗಡವನ್ನೂ ಹೆಂಡತಿಯ ಎರಡು ಬಳೆಗಳನ್ನೂ ಅದಕ್ಕೆ ಸುರಿದೆ. ಬಳೆಗಳ ವಿಷಯ ಈಗಲೂ ತಿಂಗಳಿಗೊಮ್ಮೆ ಬರುತ್ತದೆ. 61 ಮನೆಗಳು, 14 ಕಿಲೋ ತೂಕ. ಜಪಾನಿನವರು ತಮ್ಮ ಊರಿನ ಬಳಕೆಗೆಂದು ಮಾಡಿಕೊಂಡ ಮಾದರಿಯಾದ್ದರಿಂದ 100 ವೋಲ್ಟಿನ ಊಟ. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಹೊಗೆಯೇ ಮೊದಲ ಸ್ವರ. ಅದಕ್ಕಾಗಿ 4 ಕಿಲೋದ ಒಂದು ಟ್ರಾನ್ಸ್‌ಫಾರ್ಮರ್ ಸದಾ ಜೊತೆಗಿರಬೇಕು, ಬಾಣಂತಿಯ ಜೊತೆ ಅಮ್ಮ ಬರುವ ಹಾಗೆ.

ಹೊಸದನ್ನು ಕೊಡಿಸಿದವನು ಅಕ್ಕನ ಮಗ. ಆರೂವರೆ ಕಿಲೋ, ಮುಟ್ಟಿದರೆ ಬದಲಾಗುವ ಬಣ್ಣದ ತೆರೆ, ಎರಡು ಸಾವಿರಕ್ಕೂ ಮೀರಿದ ಟೋನುಗಳು. ಕಂಪನಿಯ ಹೆಸರು ಹೇಳುವುದಿಲ್ಲ. ಮುಂದೆ ಅದರ ಮೇಲೆ ನಾಲ್ಕು ಮಾತು ಆಡುವುದಿದೆ.

ಈಗ ಇಷ್ಟೆಲ್ಲ ಪೀಠಿಕೆ ಏಕೆಂದರೆ, ಶನಿವಾರ ರಸಮಂಜರಿ ಇದೆ. ತಂಡದ ಹುಡುಗ ಫೋನು ಮಾಡಿ, "ಅಂಕಲ್, ಸ್ಟೇಜು ಚಿಕ್ಕದು, ಒಂದೇ ಕೀಬೋರ್ಡ್ ತನ್ನಿ. ಯಾವ್ದು ತರ್ತೀರಾ?" ಎಂದ. ಯೋಚಿಸಿ ಹೇಳುತ್ತೇನೆ ಎಂದೆ. ಮೂರು ದಿನವಾಯಿತು.

ನಾದ ಯಾವುದರದು ಚೆಂದ ಎಂದು ಮೊದಲು ಯೋಚಿಸಬೇಕಲ್ಲವೇ? ಡಿಎಕ್ಸ್ 7ರ ನಾದ ಹುಟ್ಟಿದ ಬಗೆ ನನಗೆ ಬಹಳ ಇಷ್ಟ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರ ಅರುವತ್ತರ ದಶಕದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಒಂದು ಸ್ವರವನ್ನು ಅಲುಗಾಡಿಸುತ್ತಿದ್ದ. ನಿಧಾನವಾಗಿ ಅಲುಗಿಸಿದರೆ ಅದು ನಮ್ಮ ಕಂಪಿತ. ವೇಗ ಏರಿಸುತ್ತ, ಕಿವಿ ಎಣಿಸಲಾರದಷ್ಟು ಬೇಗ ಅಲುಗಿಸಿದಾಗ ಅದು ಅಲುಗುವುದನ್ನೇ ಬಿಟ್ಟು ಬೇರೆಯೇ ಬಣ್ಣದ ನಾದವಾಯಿತು. ಎರಡು ಅಲೆಗಳಿಂದ ಗಂಟೆ, ಲೋಹ, ಕಂಬಿ ಎಲ್ಲ. ಯಮಹಾದವರು ಅದರ ಹಕ್ಕು ಪಡೆದು ವರ್ಷಗಟ್ಟಲೆ ಕೂತು ಈ ಯಂತ್ರ ಮಾಡಿದರು. ಆದರೆ ಹೊಸ ನಾದವನ್ನು ನಾವೇ ಕಟ್ಟಬೇಕೆಂದರೆ ಆರು ಆಪರೇಟರುಗಳು, ಅವನ್ನು ಜೋಡಿಸುವ 32 ಬಗೆ, ಎಲ್ಲವನ್ನೂ ಒಂದು ಬೆರಳಗಲದ ತೆರೆಯಲ್ಲಿ ಒಂದೊಂದಾಗಿ ನೋಡಿ ಒಂದೇ ಜಾರುಗುಂಡಿಯಿಂದ ತಿದ್ದಬೇಕು. ಕೀಲಿತೂತಿನಲ್ಲಿ ಕೈ ಹಾಕಿ ಮನೆಗೆ ಸುಣ್ಣ ಬಳಿದ ಹಾಗೆ. ಜಗತ್ತಿನ ಮುಕ್ಕಾಲು ಪಾಲು ಜನ ಆ ಗೋಜಿಗೇ ಹೋಗದೆ ಕಾರ್ಖಾನೆ ತುಂಬಿಕೊಟ್ಟದ್ದನ್ನೇ ನುಡಿಸಿದರು. ಎಂಬತ್ತರ ದಶಕದ ಯಾವ ದೇಶದ ಪ್ರೇಮಗೀತೆ ಕೇಳಿದರೂ ಹಿಂದೆ ಅದೇ 11ನೆಯ ಗುಂಡಿಯ ಎಲೆಕ್ಟ್ರಿಕ್ ಪಿಯಾನೋ ಟಿಣ್‌ಗುಟ್ಟುವುದು ಅದಕ್ಕೇ.

ಆದರೆ ನಿಜ ಹೇಳಬೇಕೆಂದರೆ, ಪೆಂಡಾಲಿನಲ್ಲಿ ನಾದದ ಪ್ರಶ್ನೆ ಬರುವುದೇ ಇಲ್ಲ. ರಾಜನ್-ನಾಗೇಂದ್ರರ ಹಾಡಿನ ನಡುವೆ ಬರುವ ಪಿಟೀಲುಗಳ ಸಮೂಹವನ್ನು ಹಳೆಯದರಲ್ಲಿ ನುಡಿಸಿದರೆ ಜೇನುಹುಳುಗಳ ಭಜನಾಮಂಡಳಿಯಂತಿರುತ್ತದೆ, ಹೊಸದರಲ್ಲಿ ಪಿಟೀಲುಗಳಂತೆಯೇ ಇರುತ್ತದೆ. ಮೈಕ್‌ಸೆಟ್ಟಿನ ಹಾರ್ನಿನಿಂದ ಹೊರಬರುವಾಗ ಎರಡೂ ಒಂದೇ. ಅಲ್ಲಿ ಬೇರೆಯೇ ಪ್ರಶ್ನೆಗಳಿವೆ.

ಮೊದಲನೆಯದು ಕತ್ತಲು. ಡಿಎಕ್ಸ್ 7ರ ತೆರೆಗೆ ಹಿಂಬೆಳಕಿಲ್ಲ. ಗಾಯಕಿಯ ಮೇಲೆ ಮಾತ್ರ ಬಣ್ಣದ ದೀಪ ಬಿಟ್ಟಾಗ ನಮಗೆ ನಮ್ಮ ಬೆರಳೇ ಕಾಣದು. 32 ಗುಂಡಿಗಳು ಹದಿನಾರರಂತೆ ಎರಡು ಸಾಲು, ಚಪ್ಪಟೆ, ತಡವಿದರೂ ಗುರುತು ಸಿಗದಷ್ಟು ನುಣುಪು. ಮೇಲಿನ ಸಾಲಿನ 15 ಬೇಸ್ ಗಿಟಾರ್. ಅದರ ಸರೀ ಕೆಳಗೆ 31. ಆ 31 ಏನೆಂದರೆ ರೈಲು. 32 ವಿಮಾನ ಏರುವ ಸದ್ದು. ಇಷ್ಟು ಗಂಭೀರವಾದ ಯಂತ್ರಕ್ಕೆ ಈ ಎರಡನ್ನು ತುಂಬಿಸಿದ ಜಪಾನಿ ಇಂಜಿನಿಯರನಿಗೆ ಮನೆಯಲ್ಲಿ ಸಣ್ಣ ಮಕ್ಕಳಿದ್ದಿರಬೇಕು ಎಂದು ನನ್ನ ಊಹೆ. ನಾನೂ ನನ್ನ ಮಗಳಿಗಾಗಿ ಅವನ್ನು ಅಳಿಸದೆ ಉಳಿಸಿಕೊಂಡಿದ್ದೆ.

ಒಮ್ಮೆ ರಾಜ್ಯೋತ್ಸವದಲ್ಲಿ ಬೇಸ್ ನುಡಿಸುವವನು ಜ್ವರವೆಂದು ಕೈಕೊಟ್ಟ. ಬೇಸೂ ನನ್ನ ತಲೆಗೇ ಬಿತ್ತು. ಹಿರಿಯ ಗಾಯಕಿಯೊಬ್ಬರು ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ವಿರಹದ ಭಾವಗೀತೆಯೊಂದನ್ನು ಎತ್ತಿಕೊಂಡರು. ಪಲ್ಲವಿ ಮುಗಿದು ಬೇಸ್ ಬರಬೇಕಾದ ಕಡೆ ನಾನು ಕತ್ತಲಲ್ಲಿ ಗುಂಡಿ ಒತ್ತಿ ಷಡ್ಜ ಹಿಡಿದೆ. ಝುಕ್‌ಝುಕ್ಕೆಂದು ಗಾಡಿ ಹೊರಟಿತು. ಮುಂದಿನ ಸಾಲಿನ ಮಕ್ಕಳು ಎದ್ದುನಿಂತವು. ಗಾಯಕಿ ಕಣ್ಣು ತೆರೆಯಲಿಲ್ಲ. ಆ ಸಂಯಮ ನನಗಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಮಾತ್ರ ಅವರು ಹತ್ತಿರ ಬಂದು, "ಯಾವ ಊರಿಗೆ ಹೋಯ್ತು ನಿಮ್ಮ ಗಾಡಿ?" ಎಂದು ಮೆಲ್ಲಗೆ ಕೇಳಿದರು.

ಹೊಸದರಲ್ಲಿ ಈ ಭಯವಿಲ್ಲ. ತೆರೆ ಹುಣ್ಣಿಮೆಯಂತೆ ಬೆಳಗುತ್ತದೆ. ಗಣೇಶನ ಹಬ್ಬ ಬರುವುದು ಮಳೆಗಾಲದಲ್ಲಿ ಎಂಬುದನ್ನು ಮಾತ್ರ ಅದನ್ನು ಮಾಡಿದವರು ಯೋಚಿಸಿಲ್ಲ. ಬಯಲಿನ ವೇದಿಕೆಯ ಕತ್ತಲಲ್ಲಿ ಇರುವ ಒಂದೇ ಬೆಳಕೆಂದರೆ ನನ್ನ ತೆರೆ, ಊರಿನ ಮಳೆಹುಳುಗಳೆಲ್ಲ ಅಲ್ಲಿಗೇ. ರೆಕ್ಕೆ ಉದುರಿಸುತ್ತ ಟೋನಿನ ಹೆಸರುಗಳ ಮೇಲೆಲ್ಲ ಓಡಾಡುತ್ತವೆ. ಬೆರಳಲ್ಲಿ ಒರೆಸಿದರೆ ಹುಳು ಹೋಗುತ್ತದೆ, ಜೊತೆಗೆ ಟೋನೂ ಹೋಗುತ್ತದೆ. ಕೊಳಲು ಇದ್ದಲ್ಲಿ ಕಹಳೆ. ಈಗ ಬಾಯಿಂದ ಊದಿ ಓಡಿಸುತ್ತೇನೆ. ನೋಡುವವರಿಗೆ ನಾನು ಭಾವಪರವಶನಾಗಿ ನಿಟ್ಟುಸಿರು ಬಿಡುತ್ತಿದ್ದೇನೆ ಎನಿಸುತ್ತದಂತೆ.

ಊದುವ ಮಾತು ಬಂದಾಗ ನನ್ನ ಹಾರ್ಮೋನಿಯಂ ಮೇಷ್ಟ್ರು ನೆನಪಾಗುತ್ತಾರೆ. ನಾಟಕ ಕಂಪನಿಗಳಲ್ಲಿ ಲೆಗ್ ಹಾರ್ಮೋನಿಯಂ ತುಳಿದು ಬೆಳೆದವರು. ಹಾರ್ಮೋನಿಯಂ ನಮ್ಮ ಗಮಕಕ್ಕೆ ಹೊಂದದು ಎಂದು 1940ರಿಂದ 1971ರವರೆಗೆ ಆಕಾಶವಾಣಿಯವರು ಅದನ್ನು ಒಳಗೇ ಬಿಟ್ಟಿರಲಿಲ್ಲ. ಮೇಷ್ಟ್ರ ಪ್ರಾಯವೆಲ್ಲ ಆ ಮೂವತ್ತು ವರ್ಷಗಳಲ್ಲೇ ಕಳೆದದ್ದು. ಡಿಎಕ್ಸ್ 7 ಬಂದ ವಾರ ಮನೆಗೆ ಬಂದು, ಸುತ್ತ ನೋಡಿ, "ಇದಕ್ಕೆ ಉಸಿರೆಲ್ಲಿಂದಪ್ಪಾ?" ಎಂದರು. ಬಾಯಲ್ಲಿ ಊದಿ ನಾದ ಏರಿಳಿಸುವ ಒಂದು ಸಾಧನ ಸಿಕ್ಕಿಸಲು ಅದರಲ್ಲಿ ತೂತಿದೆ. ತೋರಿಸಿದೆ. "ಊದೋದಾದ್ರೆ ನಾದಸ್ವರ ಇರ್ಲಿಲ್ವಾ?" ಎಂದು ಅದನ್ನು ತಳ್ಳಿಹಾಕಿದರು. ಆದರೆ ಎಡಗಡೆ ಸ್ವರ ಬಗ್ಗಿಸುವ ಚಕ್ರ ಇದೆಯಲ್ಲ, ತಿದಿ ಒತ್ತಿ ರೂಢಿಯಿದ್ದ ಅವರ ಎಡಗೈ ತಾನಾಗಿ ಅಲ್ಲಿಗೆ ಹೋಯಿತು. ಆಮೇಲೆ ಒಂದು ಗಂಟೆ ಅವರನ್ನು ಎಬ್ಬಿಸಲಾಗಲಿಲ್ಲ. ತೋಡಿಯ ಗಾಂಧಾರವನ್ನು ಬಗ್ಗಿಸಿದರು, ಬಿಟ್ಟರು, ಮತ್ತೆ ಬಗ್ಗಿಸಿದರು. ಕಾಫಿ ಆರಿತು. ಕೊನೆಗೆ, "ಸುಳ್ಳು ಹೇಳೋದನ್ನ ಚೆನ್ನಾಗಿ ಕಲ್ತಿದೆ ಕಣಯ್ಯ" ಎಂದರು. ಅವರ ಬಾಯಿಂದ ಅದು ದೊಡ್ಡ ಪ್ರಶಸ್ತಿ. ಹಳೆಯದೇ ಮೇಲು ಎಂದು ಹಟ ಹಿಡಿಯುವವರನ್ನು ಕಂಡಾಗ, ಎಪ್ಪತ್ತು ದಾಟಿದ್ದ ಆ ಎಡಗೈಯನ್ನು ನೆನೆದು ಸುಮ್ಮನಾಗುತ್ತೇನೆ.

ಎಷ್ಟೆಂದರೂ ಹಳೆಯದೆಲ್ಲ ಒಂದು ಕಾಲಕ್ಕೆ ಹೊಸದೇ. 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್ ಎಂಬ ಸಿನಿಮಾ ವಾದ್ಯಗಾರ ಆಗಷ್ಟೇ ಬಂದಿದ್ದ ರೋಲ್ಯಾಂಡಿನ ಮೂರು ಯಂತ್ರಗಳನ್ನು ಜೋಡಿಸಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದ. ಯಾರೂ ಕಿವಿಗೊಡಲಿಲ್ಲ. ಆ ಮೂರರಲ್ಲಿ ಟಿಬಿ-303 ಎಂಬುದು ಬೇಸ್ ಗಿಟಾರಿನವನ ಬದಲಿಗೆಂದು ಹುಟ್ಟಿದ್ದು. ಬೇಸ್ ಗಿಟಾರಿನಂತೆ ಅದು ಒಂದು ದಿನವೂ ಕೇಳಿಸಲಿಲ್ಲ. 1984ರ ಹೊತ್ತಿಗೆ ಮಾಡುವುದನ್ನೇ ನಿಲ್ಲಿಸಿದರು. ಇಂದು ಆ ರೆಕಾರ್ಡನ್ನೂ ಆ ಯಂತ್ರವನ್ನೂ ಹುಡುಕಿಕೊಂಡು ಹೋಗುವ ಹುಡುಗರಿದ್ದಾರೆ, ಹಿಂದಿನ ಬೆಲೆಗೆ ಎಷ್ಟೋ ಪಟ್ಟು ಕೊಡುತ್ತಾರೆ. ಇನ್ನೂ ವಿಚಿತ್ರ ಕೇಳಿ: 1978ರ ಪ್ರಾಫೆಟ್-5 ಎಂಬ ಸಿಂಥಸೈಜರ್ ಬಿಸಿಯೇರಿದರೆ ಶ್ರುತಿ ಜಾರುತ್ತಿತ್ತು, ಅದನ್ನು ಸರಿಪಡಿಸಲೆಂದೇ ಒಂದು ಗುಂಡಿ ಇಟ್ಟಿದ್ದರು. 2020ರಲ್ಲಿ ಅದನ್ನು ಹೊಸದಾಗಿ ಮಾಡಿದಾಗ ಸ್ವರಗಳು ಕದಲದೆ ನಿಂತವು. ಆಗ 'ವಿಂಟೇಜ್' ಎಂಬ ತಿರುಗಣೆಯನ್ನು ಸೇರಿಸಿದರು. ತಿರುಗಿಸಿದಷ್ಟೂ ಯಂತ್ರಕ್ಕೆ ಮುಪ್ಪು ಬಂದು ಸ್ವರಗಳು ಒಂದೊಂದು ಕಡೆ ವಾಲುತ್ತವೆ. ನನಗೆ ಈ ಸೌಲಭ್ಯ ಐವತ್ತೈದರ ಮೇಲೆ ಪುಕ್ಕಟೆಯಾಗಿ ಬಂದಿದೆ.

ನನ್ನ ಡಿಎಕ್ಸ್ 7ಕ್ಕೂ ಬಂದಿತ್ತು. ನಾದಗಳ ನೆನಪನ್ನು ಕಾಯಲು ಅದರೊಳಗೆ ನಾಣ್ಯದಂಥ ಒಂದು ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನ ರಿಪೇರಿಯವರು ಐದೈದು ವರ್ಷಕ್ಕೆ ಬದಲಿಸಿ ಎಂದಿದ್ದರು. ಮರೆತದ್ದು ನಾನು, ಮರೆವು ಬಂದದ್ದು ಅದಕ್ಕೆ. ಮೂರು ತಿಂಗಳು ಕೂತು ಕಟ್ಟಿದ್ದ ವೀಣೆಯ ನಾದ ಒಂದು ಬೆಳಿಗ್ಗೆ ಇರಲಿಲ್ಲ. ಕಾರ್ಖಾನೆಯ 32 ನಾದಗಳೇನೋ ಕಾರ್ಟ್ರಿಜ್ಜಿನಿಂದ ವಾಪಸು ಬಂದವು, ರೈಲು ಸಮೇತ. ವೀಣೆ ಬರಲಿಲ್ಲ.

ಇನ್ನು ಕರೆಂಟು. ಹೊಸದನ್ನು ತಂದ ವರ್ಷ, ಗಣೇಶನ ಮುಂದೆ, ಚರಣದ ನಡುವೆ ದೀಪ ಹೋಯಿತು. ಜನರೇಟರು ಕೆಮ್ಮಿ ಕೆಮ್ಮಿ ಎದ್ದಿತು. ಮೈಕು ಬಂತು, ರಿದಮ್ ಪ್ಯಾಡ್ ಬಂತು. ನನ್ನ ತೆರೆಯ ಮೇಲೆ ಕಂಪನಿಯ ಮುದ್ರೆ ಬಂತು. ಅದರ ಕೆಳಗೆ ಒಂದು ಗೆರೆ, ಸಕ್ಕರೆ ಹೊತ್ತ ಇರುವೆಯಂತೆ, ಎಡದಿಂದ ಬಲಕ್ಕೆ ಹೊರಟಿತು. ಎರಡು ಸಾವಿರ ಟೋನುಗಳನ್ನು ಅದು ಒಂದೊಂದಾಗಿ ಎಬ್ಬಿಸಿ ಮುಖ ತೊಳೆಸಬೇಕಲ್ಲ! ಹತ್ತಿರ ಹತ್ತಿರ ಎರಡು ನಿಮಿಷ. ಎರಡು ನಿಮಿಷ ಎಷ್ಟು ಉದ್ದ ಎಂಬುದು ಸಾವಿರ ಜನರ ಮುಂದೆ ನಿಂತವರಿಗೇ ಗೊತ್ತು. ಗಾಯಕ ನೀರು ಕುಡಿದ. ನಿರೂಪಕ ಎಲ್ಲರಿಗೂ ಗೊತ್ತಿದ್ದ ಗಂಡ-ಹೆಂಡಿರ ಜೋಕು ಹೇಳಿದ. ಗಣೇಶ ನನ್ನನ್ನೇ ನೋಡುತ್ತಿದ್ದ.

ಹಳೆಯದಾದರೆ ಸ್ವಿಚ್ಚು ಹಾಕಿ ಕೈಯಿಡುವಷ್ಟರಲ್ಲಿ ತಯಾರು. ಅದರ 32 ನಾದಗಳೂ ಸೇರಿ 4 ಕಿಲೋಬೈಟು. ವಾಟ್ಸಪ್ಪಿನಲ್ಲಿ ಬರುವ ಶುಭೋದಯದ ಗುಲಾಬಿ ಅದಕ್ಕಿಂತ ಎಷ್ಟೋ ಭಾರ. ನೆನಪಿಟ್ಟುಕೊಳ್ಳಲು ಕಡಿಮೆಯಿದ್ದವರು ಬೇಗ ಏಳುತ್ತಾರೆ. ಹಾಗೆಂದು ಅದನ್ನೂ ಪೂರ್ತಿ ನಂಬುವಂತಿಲ್ಲ. ಹಾಡಿನ ನಡುವೆ ಟೋನು ಬದಲಿಸಿದರೆ ಹಿಡಿದಿದ್ದ ಸ್ವರ ಕತ್ತರಿಸಿದಂತೆ ನಿಂತುಹೋಗುತ್ತದೆ. ಗಾಯಕಿ ಉಸಿರು ತೆಗೆದುಕೊಳ್ಳುವ ಸಂದು ನೋಡಿ ಗುಂಡಿ ಒತ್ತುವುದನ್ನು ಕಲಿಯಲು ನನಗೆ ನಾಲ್ಕು ವರ್ಷ ಬೇಕಾಯಿತು. ಹೊಸದರಲ್ಲಿ ಹಿಂದಿನ ಸ್ವರ ಕರಗುತ್ತಿರುವಾಗಲೇ ಮುಂದಿನದು ಸೇರಿಕೊಳ್ಳುತ್ತದೆ. ಗಾಯಕಿಯ ಉಸಿರನ್ನು ಈಗ ಯಾರೂ ಗಮನಿಸಬೇಕಿಲ್ಲ.

ಆ ಗಣೇಶನ ಪ್ರಸಂಗದ ಮರುದಿನವೇ ಹೊಸದಕ್ಕೆಂದು ಒಂದು ಯುಪಿಎಸ್ ಕೊಂಡೆ. ಅದು 5 ಕಿಲೋ. ಹೀಗಾಗಿ ಈಗಿನ ಲೆಕ್ಕ: ಹೊಸದು ಹನ್ನೊಂದೂವರೆ, ಹಳೆಯದು ಹದಿನೆಂಟು. ವ್ಯತ್ಯಾಸ ಆರೂವರೆ ಕಿಲೋ. ನಿನ್ನೆ ರಾತ್ರಿ ಈ ಲೆಕ್ಕವನ್ನು ಹೆಂಡತಿಗೆ ಒಪ್ಪಿಸಿದೆ. "ರೀ, ಆಟೋದಿಂದ ಸ್ಟೇಜಿಗೆ ಹೊರೋರು ಯಾರು?" ಎಂದಳು. ನಾನೇ ಎಂದೆ. "ಮತ್ತೆ ಯೋಚನೆ ಏನು?" ಎಂದು ನೋವಿನ ಮುಲಾಮನ್ನು ಅಲಮಾರಿಯಿಂದ ತೆಗೆದು ನನ್ನ ದಿಂಬಿನ ಪಕ್ಕ ಇಟ್ಟಳು. ಬೆಳಿಗ್ಗೆ ತಂಡದ ಹುಡುಗನಿಗೆ ಫೋನು ಮಾಡಿ, ಹೊಸದು ತರುತ್ತೇನೆ, ಬೀಸಣಿಗೆಯೊಂದನ್ನು ಇಟ್ಟಿರಪ್ಪ, ಹುಳುಗಳಿಗೆ, ಎಂದೆ.

ಅಭ್ಯಾಸಕ್ಕೆಂದು ಅದನ್ನು ಊಟದ ಮೇಜಿನ ಮೇಲೆ ಹರವಿಕೊಂಡು ಕುಳಿತಿದ್ದಾಗ ಮೊಮ್ಮಗ ಬಂದ. ಐದು ವರ್ಷ. "ತಾತ, ರೈಲು" ಎಂದ. ಹೊಸದರಲ್ಲಿ ರೈಲು ಇರದೇ ಉಂಟೆ? ತೆರೆಯಲ್ಲಿ ಹುಡುಕಿದೆ. ಪಿಯಾನೋಗಳ ಪುಟ ದಾಟಿ, ತಂತಿಗಳ ಪುಟ ದಾಟಿ, ಕೊಟ್ಟಕೊನೆಯಲ್ಲಿ ಮಳೆ, ಗುಡುಗು, ನಾಯಿ, ಕುದುರೆಗಳ ನಡುವೆ ಸಿಕ್ಕಿತು. ಒತ್ತಿದೆ. ಯಾವುದೋ ದೇಶದಲ್ಲಿ ಹಳಿಯ ಪಕ್ಕದಲ್ಲೇ ನಿಂತು ಧ್ವನಿಮುದ್ರಿಸಿಕೊಂಡದ್ದಿರಬೇಕು, ಚಕ್ರದ ಗಡಗಡ, ಕಬ್ಬಿಣದ ಕಿರ್ರೆನ್ನುವಿಕೆ, ದೂರದ ಸಿಳ್ಳು ಎಲ್ಲ ಇತ್ತು.

ಅವನು ಪೂರ್ತಿ ಕೇಳಿದ. "ಇದಲ್ಲ ತಾತ, ಇದು ನಿಜವಾದ ರೈಲು. ನಮ್ಮ ರೈಲು ಹಾಕು" ಎಂದ.

ಡಿಎಕ್ಸ್ 7 ಅಟ್ಟದ ಮೇಲಿತ್ತು. ಹದಿನಾಲ್ಕು ಕಿಲೋ. ಟ್ರಾನ್ಸ್‌ಫಾರ್ಮರ್ ಬೇರೆ.